ಗಡಿ ತಾಲ್ಲೂಕುಗಳಲ್ಲಿ ಹೃದ್ರೋಗಿಗಳ ಮಾನಸಿಕ ಆರೈಕೆ: ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ನೆಲೆಯಿಂದ ಒಂದು ಚಾರಿತ್ರಿಕ ನೋಟ

ಹೃದಯಾಘಾತದಿಂದ ಬದುಕುಳಿದವರ ಮನಸ್ಸಿಗೂ ಆರೈಕೆ ಬೇಕೆಂಬ ಅರಿವು ವೈದ್ಯಶಾಸ್ತ್ರದಲ್ಲಿ ನಿಧಾನವಾಗಿ ಮೂಡಿತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ರೋಗಿಯನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುವುದೇ ರೂಢಿಯಾಗಿತ್ತು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೋನ್ ಅವರು ಅಂಥವರನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಿ ಆರೈಕೆ ಮಾಡಬಹುದೆಂದು ತೋರಿಸಿದ ಮೇಲೆ ಈ ರೂಢಿ ಸಡಿಲವಾಯಿತು. 1993ರಲ್ಲಿ ಮಾಂಟ್ರಿಯಲ್‌ನ ನ್ಯಾನ್ಸಿ ಫ್ರೇಷರ್-ಸ್ಮಿತ್ ಮತ್ತು ಸಂಗಡಿಗರು, ಆಘಾತದ ನಂತರ ಖಿನ್ನತೆಗೆ, ಎಂದರೆ ವಾರಗಟ್ಟಲೆ ಬಿಡದ ಬೇಸರ, ನಿರುತ್ಸಾಹಗಳಿಗೆ, ಒಳಗಾದವರಲ್ಲಿ ಮುಂದಿನ ಆರು ತಿಂಗಳ ಸಾವಿನ ಅಪಾಯ ಹೆಚ್ಚೆಂದು ಕಂಡುಕೊಂಡರು. ಆದರೆ 2003ರಲ್ಲಿ ಪ್ರಕಟವಾದ, ಅಮೆರಿಕದ ಸುಮಾರು 2,500 ರೋಗಿಗಳ ಮೇಲೆ ನಡೆದ ಎನ್‌ರಿಚ್ಡ್ ಪ್ರಯೋಗದಲ್ಲಿ, ಯೋಚನೆಯ ಜಾಡನ್ನೂ ನಡವಳಿಕೆಯನ್ನೂ ತಿದ್ದುವ ಮನಶ್ಚಿಕಿತ್ಸೆಯಿಂದ ಖಿನ್ನತೆ ತಗ್ಗಿತೇ ಹೊರತು ಸಾವಾಗಲಿ ಮರು ಆಘಾತವಾಗಲಿ ಕಡಿಮೆಯಾಗಲಿಲ್ಲ. ಈ ಫಲಿತಾಂಶವನ್ನು ಸೋಲೆಂದು ಓದಿದವರುಂಟು. ಆ ಓದು ಸರಿಯಲ್ಲ, ಏಕೆಂದರೆ ಉಳಿದ ಆಯುಷ್ಯವನ್ನು ಭಯವಿಲ್ಲದೆ ಕಳೆಯುವಂತಾಗುವುದೇ ಚಿಕಿತ್ಸೆಯ ಸಾರ್ಥಕ ಗುರಿ.

ಈ ಅರಿವು ಗಡಿನಾಡಿಗೆ ತಲುಪಿದ ಬಗೆಯನ್ನು ತಿಳಿಯಲು ಆಡಳಿತದ ಇತಿಹಾಸವನ್ನು ನೋಡಬೇಕಾಗುತ್ತದೆ. ಹೈದರಾಬಾದ್ ರಾಜ್ಯದಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು ಬೀದರ್ ಜಿಲ್ಲೆಗೂ ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ, ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಎಂಬ ಕಂದಾಯ ವೃತ್ತವೊಂದು ಮಾತ್ರ ಮೈಸೂರು ರಾಜ್ಯಕ್ಕೆ ಸೇರಿ, ಈ ಮೂರು ತಾಲ್ಲೂಕುಗಳ ಮಿಕ್ಕ ಭಾಗ ಆಂಧ್ರಪ್ರದೇಶಕ್ಕೆ ಹೋಯಿತು. ಕನ್ನಡ ಮನೆಮಾತಿನ ಕುಟುಂಬಗಳು ಇದ್ದಲ್ಲಿಯೇ ಉಳಿದವು, ಆಸ್ಪತ್ರೆಯ ದಾರಿ ಮಾತ್ರ ಬದಲಾಯಿತು.

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಆರಂಭವಾದ ಮೇಲೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ಮನೋರೋಗಗಳನ್ನು ಗುರುತಿಸಿ ಉಪಚರಿಸುವ ತರಬೇತಿ ನೀಡಿ ಒಂದು ಮಾದರಿಯನ್ನು ರೂಪಿಸಿತು. ಅದನ್ನಾಧರಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ತೊಡಗಿದಾಗ ಅವುಗಳಲ್ಲೊಂದು ಮೆದಕ್ ಆಗಿತ್ತು. ಜಹೀರಾಬಾದ್, ನಾರಾಯಣಖೇಡಗಳು ಆಗ ಅದೇ ಜಿಲ್ಲೆಯಲ್ಲಿದ್ದವು. ಕನ್ನಡನಾಡಿನಲ್ಲಿ ಬೆಳೆದ ಮಾದರಿಯೊಂದು ಆಡಳಿತದ ಹಾದಿಯಲ್ಲಿ ಸುತ್ತಿ ಬಂದು ಬೀದರಿನ ಹಳೆಯ ತಾಲ್ಲೂಕುಗಳನ್ನು ಮೊದಲ ಹಂತದಲ್ಲೇ ಮುಟ್ಟಿದ್ದು ಗಮನಾರ್ಹ. ಆದರೂ ತೀವ್ರ ಮನೋರೋಗ ಮತ್ತು ಮೂರ್ಛೆರೋಗಗಳೇ ಅದರ ಮುಖ್ಯ ಲಕ್ಷ್ಯವಾಗಿದ್ದುದರಿಂದ, ಎದೆನೋವಿನಿಂದ ಬಂದವನ ಅಂಜಿಕೆ ಅದರ ಕಣ್ಣಿಗೆ ಬೀಳುವಂತಿರಲಿಲ್ಲ.

ಹೃದಯದ ಚಿಕಿತ್ಸೆ ಬೇರೆಯೇ ದಾರಿಯಲ್ಲಿ ಬಂತು. ಆಂಧ್ರಪ್ರದೇಶದಲ್ಲಿ 2007ರಲ್ಲಿ ಆರಂಭವಾದ ಆರೋಗ್ಯಶ್ರೀ ಯೋಜನೆಯೂ ಕರ್ನಾಟಕದಲ್ಲಿ 2010ರಲ್ಲಿ ಕಲಬುರಗಿ ವಿಭಾಗದಿಂದ ತೊಡಗಿದ ವಾಜಪೇಯಿ ಆರೋಗ್ಯಶ್ರೀಯೂ ಬಡವರಿಗೆ ತೆರೆದ ಹೃದಯ ಶಸ್ತ್ರಕ್ರಿಯೆ, ಸ್ಟೆಂಟ್‌ಗಳನ್ನು ದೊರಕಿಸಿದ್ದು ದೊಡ್ಡ ಉಪಕಾರವೇ ಸರಿ. ಆದರೆ ಹಕ್ಕು ಆಯಾ ರಾಜ್ಯದ ಬಡ ಕುಟುಂಬಗಳಿಗೆ ಸೀಮಿತವಾಗಿದ್ದುದರಿಂದ, ಸುಮಾರು 30 ಕಿಲೋಮೀಟರ್ ದೂರದ ಬೀದರನ್ನು ಬಿಟ್ಟು ಜಹೀರಾಬಾದಿನ ರೋಗಿ ಹೈದರಾಬಾದಿನ ಕಡೆ ಮುಖ ಮಾಡಬೇಕಾಯಿತು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾದಾಗಲೂ ತಾಂಡೂರು ಬೇರೆ ರಾಜ್ಯದ ಊರೇ.

ಇಲ್ಲಿ ಭಾಷೆಯ ಪ್ರಶ್ನೆ ಎದುರಾಗುತ್ತದೆ. ರಕ್ತನಾಳಕ್ಕೆ ಸ್ಟೆಂಟ್ ಹಾಕುವಾಗ ರೋಗಿ ಮತ್ತು ವೈದ್ಯರ ನಡುವೆ ನಾಲ್ಕು ಮಾತು ಸಾಕಾದೀತು. ಆಪ್ತಸಮಾಲೋಚನೆಗೆ, ಎಂದರೆ ರೋಗಿಯ ಅಳುಕನ್ನು ಆಲಿಸಿ ದಾರಿ ಕಾಣಿಸುವ ಕೆಲಸಕ್ಕೆ, ಮಾತೇ ಉಪಕರಣ. ಸಂತೆಯಲ್ಲಿ ತೆಲುಗು, ದಖನಿ ಉರ್ದುಗಳನ್ನು ಸರಾಗವಾಗಿ ಆಡುವವನೂ ರಾತ್ರಿ ಎದೆ ಡವಗುಟ್ಟುವುದನ್ನು, ಗಂಡಹೆಂಡಿರ ಸಂಬಂಧದ ಹಿಂಜರಿಕೆಯನ್ನು ಮನೆಮಾತಿನಲ್ಲೇ ಬಿಚ್ಚಿಡಬಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ, 14416 ಸಂಖ್ಯೆಯ ಮೂಲಕ, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಸಮಾಲೋಚನೆ ಒದಗಿಸುತ್ತಿರುವುದರಿಂದ ಗಡಿಯ ತೊಡಕು ಸ್ವಲ್ಪಮಟ್ಟಿಗೆ ಸಡಿಲವಾಗಿದೆ. ಆದರೆ ಹೃದ್ರೋಗಿಯನ್ನು ಮನೆಗೆ ಕಳಿಸುವಾಗ ಔಷಧಿಯ ಚೀಟಿಯ ಜೊತೆ ಈ ಸಂಖ್ಯೆಯನ್ನೂ ಬರೆದುಕೊಡುವ ಪದ್ಧತಿ ಬೆಳೆಯಬೇಕು.

ದುಬಾರಿ ಸಲಕರಣೆಗಳಿಲ್ಲದೆ ನಡೆಸಬಹುದಾದ ಹೃದಯ ಪುನಶ್ಚೇತನಕ್ಕೆ, ಎಂದರೆ ವ್ಯಾಯಾಮ, ತಿಳಿವಳಿಕೆ ಮತ್ತು ಧೈರ್ಯ ತುಂಬುವಿಕೆ ಒಂದಾದ ಕ್ರಮಕ್ಕೆ, ಭಾರತದಲ್ಲೇ ಆಧಾರವಿದೆ. ದೇಶದ 24 ಆಸ್ಪತ್ರೆಗಳ 3,959 ಹೃದಯಾಘಾತದ ರೋಗಿಗಳನ್ನೊಳಗೊಂಡ, 2020ರಲ್ಲಿ ಪ್ರಕಟವಾದ ಯೋಗ-ಕೇರ್ ಪ್ರಯೋಗದಲ್ಲಿ ಯೋಗಾಧಾರಿತ ಪುನಶ್ಚೇತನದಿಂದ ಮರು ಆಘಾತ, ಸಾವುಗಳು ಗಣನೀಯವಾಗಿ ಇಳಿಯಲಿಲ್ಲವಾದರೂ, ರೋಗಿಗಳು ತಮ್ಮ ಆರೋಗ್ಯದ ಬಗ್ಗೆ ತಾವೇ ಹೇಳಿಕೊಂಡ ನೆಮ್ಮದಿಯೂ ಹಿಂದಿನ ದಿನಚರಿಗೆ ಮರಳುವ ಪ್ರಮಾಣವೂ ಹೆಚ್ಚಿದವು. ತಾಂಡೂರಿನ ಕಲ್ಲುಗಣಿಯಲ್ಲಿ ಬಂಡೆ ಎತ್ತುವವನಿಗೂ ಜಹೀರಾಬಾದಿನ ಕಬ್ಬಿನ ಗದ್ದೆಯ ಕೂಲಿಗೂ ಈ ಎರಡನೆಯ ಫಲವೇ ಮುಖ್ಯ; ಯಾವ ತಿಂಗಳಿನಿಂದ ಎಷ್ಟು ಭಾರ ಎತ್ತಬಹುದೆಂದು ಅವರ ಮಾತಿನಲ್ಲೇ, ಮನೆಯವರನ್ನೂ ಕೂರಿಸಿಕೊಂಡು ತಿಳಿಸಿ ಹೇಳುವ ಕೆಲಸವನ್ನು ತರಬೇತಿ ಪಡೆದ ದಾದಿಯೂ ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಬಹುದು.