ಚೆಕ್ ಎಂಜಿನ್ ದೀಪ (ಮಾರ್ಪಡಿಸಿದ ಟರ್ಬೊ ಕಾರುಗಳಲ್ಲಿ)

ಮಾಲಿನ್ಯವನ್ನು ಹೆಚ್ಚಿಸಬಲ್ಲ ದೋಷವನ್ನು ಎಂಜಿನ್ನಿನ ನಿಯಂತ್ರಕ ಗಣಕವು ಗುರುತಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಹೊತ್ತುವ ಸೂಚಕ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾದ ಒಬಿಡಿ-2 ವ್ಯವಸ್ಥೆಯಲ್ಲಿ, ಬಹುತೇಕ ದೋಷಗಳು ಸತತ ಎರಡು ಓಡಾಟಗಳಲ್ಲಿ ಕಂಡುಬಂದ ಮೇಲಷ್ಟೇ ದೀಪ ಹೊತ್ತಿ, ಮುಂದಿನ ಮೂರು ಓಡಾಟಗಳಲ್ಲಿ ಮರುಕಳಿಸದಿದ್ದರೆ ತಾನಾಗಿ ಆರುವುದರಿಂದ, ದೀಪ ಆರಿದ ಮಾತ್ರಕ್ಕೆ ದೋಷ ನೀಗಿತೆನ್ನಲಾಗದು. ಸ್ಕ್ಯಾನರ್ ಜೋಡಿಸಿದೊಡನೆ ದೋಷಸಂಕೇತವನ್ನು ಅಳಿಸಿಬಿಡುವ ರೂಢಿಯೂ ಸರಿಯಲ್ಲ. ದೋಷ ಕಂಡ ಕ್ಷಣದ ಎಂಜಿನ್ ವೇಗ, ಹೊರೆ, ಕೂಲೆಂಟಿನ ಉಷ್ಣತೆ ಮುಂತಾದವುಗಳ ದಾಖಲೆಯಾದ ‘ಫ್ರೀಜ್ ಫ್ರೇಮ್’ ಕೂಡ ಅದರೊಂದಿಗೆ ಅಳಿದುಹೋಗುತ್ತದೆ.

ನಿಷ್ಕಾಸ ಅನಿಲದ ಬಲದಿಂದ ತಿರುಗಿ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಟರ್ಬೊ ಇರುವಲ್ಲಿ ಮೊದಲು ಶಂಕಿಸಬೇಕಾದದ್ದು ಸೋರಿಕೆಯನ್ನು. ಇಂಟರ್‌ಕೂಲರಿನ ಕೊಳವೆಯ ಕ್ಲಾಂಪ್ ಸಡಿಲವಾಗಿದ್ದರೆ, ಕಾರು ನಿಂತಿರುವಾಗ ಏನೂ ತೋರದೆ, ಏರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಮಾತ್ರ ಕೊಳವೆಯ ಅಂಚು ಬಾಯ್ಬಿಟ್ಟು, ಒತ್ತಡ ಸಾಲದೆಂದು ಸೂಚಿಸುವ ಪಿ0299 ದಾಖಲಾಗಬಹುದು. ಇಂಥ ಸೋರಿಕೆಯನ್ನು ಕೊಳವೆಗಳಿಗೆ ಒತ್ತಡದಲ್ಲಿ ಗಾಳಿ ತುಂಬಿಸಿ, ಸಾಬೂನು ನೀರು ಸವರಿ, ಗುಳ್ಳೆ ಏಳುವ ಜಾಗವನ್ನು ನೋಡಿ ಪತ್ತೆಹಚ್ಚಲಾಗುತ್ತದೆ. ಒಳಬರುವ ಗಾಳಿಯನ್ನು ಸಂವೇದಕದಿಂದ ಅಳೆಯುವ ಎಂಜಿನ್ನಿಗೆ, ಒತ್ತಿದ ಗಾಳಿಯನ್ನು ಬಯಲಿಗೆ ಬಿಡುವ ಬ್ಲೋ-ಆಫ್ ವಾಲ್ವನ್ನು (ಹೆಚ್ಚಾಗಿ ಸದ್ದಿನ ಶೋಕಿಗಾಗಿಯೇ) ಅಳವಡಿಸಿದ್ದರೆ, ಅಳೆದ ಗಾಳಿಯ ಒಂದು ಪಾಲು ಹೊರಹೋಗಿ, ಗಣಕವು ಇಲ್ಲದ ಗಾಳಿಗೂ ಇಂಧನ ಸುರಿಯುತ್ತದೆ. ಟರ್ಬೊ ಒತ್ತಡವನ್ನು ಹೆಚ್ಚಿಸಿದಾಗ ಸ್ಪಾರ್ಕ್ ಪ್ಲಗ್ಗಿನ ಅಂತರವನ್ನು ಕಿರಿದುಗೊಳಿಸದಿದ್ದರೆ ಕಿಡಿ ತಪ್ಪುವುದುಂಟು. ಆಗ ದೀಪ ಮಿನುಗತೊಡಗಿದರೆ, ಉರಿಯದ ಇಂಧನದಿಂದ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಕೆಡುವ ಅಪಾಯವಿರುವುದರಿಂದ, ಎಂಜಿನ್ನಿನ ಹೊರೆಯನ್ನು ತಕ್ಷಣ ಇಳಿಸಬೇಕು.