ಕ್ಯಾನ್ಸರ್ ನಂತರದ ಬದುಕು, ಮನಸ್ಸು ಮತ್ತು ಮುಪ್ಪು: ಅಧ್ಯಯನದ ಇತಿಹಾಸ

ಒತ್ತಡ, ಖಿನ್ನತೆ, ನಿದ್ದೆ, ವ್ಯಾಯಾಮ ಇವು ಜೀವಕೋಶಗಳ ಮುಪ್ಪಿನ ಮೇಲೂ ಕ್ಯಾನ್ಸರ್‌ನಿಂದ ಪಾರಾದವರ ಆರೋಗ್ಯದ ಮೇಲೂ ಬೀರುವ ಪರಿಣಾಮದ ಅಧ್ಯಯನ ಮುಖ್ಯವಾಗಿ 20ನೆಯ ಶತಮಾನದ ಉತ್ತರಾರ್ಧದಿಂದ ಈಚಿನದು. ಅದಕ್ಕೂ ಮೊದಲು ರೋಗಿಯ ಮನಸ್ಸನ್ನು ವಿಚಾರಿಸುವ ಮಾತಿರಲಿ, ಕಾಯಿಲೆಯ ಹೆಸರು ಹೇಳುವುದೇ ಅಪರೂಪವಾಗಿತ್ತು. 1961ರ ಅಮೆರಿಕನ್ ಸಮೀಕ್ಷೆಯೊಂದರಲ್ಲಿ ಸುಮಾರು 90% ವೈದ್ಯರು ಕ್ಯಾನ್ಸರ್ ಇದೆಯೆಂದು ರೋಗಿಗೆ ತಿಳಿಸದಿರುವುದೇ ಮೇಲೆಂದರು. 1979ರ ಹೊತ್ತಿಗೆ 97% ಮಂದಿ ತಿಳಿಸುವ ಪಕ್ಷಕ್ಕೆ ಬಂದಿದ್ದರು. ಈ ನಡುವೆ, 1977ರಲ್ಲಿ, ಮನೋವೈದ್ಯೆ ಜಿಮ್ಮಿ ಹಾಲೆಂಡ್ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ ಮನೋವೈದ್ಯಕೀಯ ಸೇವೆ ಆರಂಭಿಸಿದರು. ಕ್ಯಾನ್ಸರ್ ರೋಗಿಗಳ ಮನಸ್ಸನ್ನು ಅಭ್ಯಸಿಸುವ ಸೈಕೋ-ಆಂಕಾಲಜಿ ಸ್ವತಂತ್ರ ಶಾಖೆಯಾಗಿ ಬೆಳೆದದ್ದು ಅಲ್ಲಿಂದ. 1985ರಲ್ಲಿ, ಸ್ವತಃ ಕ್ಯಾನ್ಸರ್‌ಗೆ ತುತ್ತಾಗಿದ್ದ ವೈದ್ಯ ಫಿಟ್ಜ್‌ಹ್ಯೂ ಮಲ್ಲನ್, ಚಿಕಿತ್ಸೆ ಮುಗಿದ ಮೇಲಿನ ಬದುಕಿಗೂ ತನ್ನದೇ ಘಟ್ಟಗಳಿವೆ ಎಂದು ಬರೆದು, ಪಾರಾದವರನ್ನು ವೈದ್ಯಲೋಕ ಪ್ರತ್ಯೇಕವಾಗಿ ಗಮನಿಸುವಂತೆ ಮಾಡಿದರು.

ಅತಿ ಹೆಚ್ಚು ಸದ್ದು ಮಾಡಿದ್ದು 1989ರ ಒಂದು ವರದಿ. ಸ್ಟ್ಯಾನ್‌ಫರ್ಡ್‌ನ ಡೇವಿಡ್ ಸ್ಪೀಗಲ್ ದೇಹದ ಇತರೆಡೆಗೂ ಹರಡಿದ್ದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರನ್ನು ಗಮನಿಸಿದ್ದರು. ಕೆಲವರು ವಾರಕ್ಕೊಮ್ಮೆ ಗುಂಪಾಗಿ ಕೂತು ಸಾವಿನ ಭಯವನ್ನೂ ಮನೆಯ ಚಿಂತೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಿದ್ದರು. ಅವರು ಸರಾಸರಿ 36.6 ತಿಂಗಳು ಬದುಕಿದರೆ, ಗುಂಪಿಗೆ ಸೇರದವರು 18.9 ತಿಂಗಳು ಬದುಕಿದ್ದರು. ಮನೋಬಲವೇ ಮದ್ದು ಎಂಬ ನಂಬಿಕೆಗೆ ಇದರಿಂದ ರೆಕ್ಕೆ ಬಂತು. ಆದರೆ 2001ರಲ್ಲಿ ಕೆನಡಾದ ಪಮೇಲಾ ಗುಡ್‌ವಿನ್ 235 ಮಹಿಳೆಯರಲ್ಲಿ ಇದೇ ಚಿಕಿತ್ಸೆ ಪರೀಕ್ಷಿಸಿದಾಗ ಆಯಸ್ಸು ಹೆಚ್ಚಲಿಲ್ಲ. ನೋವು, ದುಗುಡ ಮಾತ್ರ ತಗ್ಗಿದವು. 2007ರಲ್ಲಿ ಸ್ಪೀಗಲ್ ತಾವೇ ಪ್ರಕಟಿಸಿದ ಮರುಪ್ರಯೋಗದಲ್ಲೂ ಒಟ್ಟಾರೆ ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಷ್ಟಾದರೂ, ಧೈರ್ಯವಾಗಿದ್ದರೆ ವಾಸಿಯಾಗುತ್ತದೆ ಎಂಬ ಉಪದೇಶ ಇಂದಿಗೂ ನಿಂತಿಲ್ಲ. ವಾಸಿಯಾಗದವರ ತಲೆಗೇ ತಪ್ಪು ಹೊರಿಸುವ ಮಾತಿದು ಎಂದು ಹಾಲೆಂಡ್ ಅದನ್ನು ಕಟುವಾಗಿಯೇ ವಿರೋಧಿಸಿದ್ದರು.

ಮುಪ್ಪಿನ ಸಂಶೋಧನೆ ಬೇರೆಯೇ ದಾರಿಯಲ್ಲಿ ಬಂದು ಇಲ್ಲಿಗೆ ಸೇರಿತು. ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್, ಕೋಶ ಒಡೆದಂತೆಲ್ಲ ಸವೆಯುತ್ತದೆ. 2004ರಲ್ಲಿ ಎಲಿಸಾ ಎಪೆಲ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ 58 ತಾಯಂದಿರ ರಕ್ತ ಪರೀಕ್ಷಿಸಿದರು. ಹಲವರು ದೀರ್ಘಕಾಲದ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಅತಿ ಹೆಚ್ಚು ಒತ್ತಡ ಅನುಭವಿಸುತ್ತಿದ್ದವರ ಟೆಲೊಮಿಯರ್‌ಗಳು ಕಡಿಮೆ ಒತ್ತಡದವರಿಗಿಂತ ಕನಿಷ್ಠ 10 ವರ್ಷ ಹೆಚ್ಚು ವಯಸ್ಸಾದಂತೆ ಸವೆದಿದ್ದವು. 2013ರಲ್ಲಿ ಸ್ಟೀವ್ ಹೋರ್ವತ್ ಡಿಎನ್‌ಎಯ 353 ತಾಣಗಳ ರಾಸಾಯನಿಕ ಗುರುತಿನಿಂದ ವಯಸ್ಸು ಲೆಕ್ಕಹಾಕುವ ವಿಧಾನ ಕೊಟ್ಟ ಮೇಲೆ ಅಳತೆಗೋಲುಗಳು ಹೆಚ್ಚಿದವು. ಕಿಮೊಥೆರಪಿ, ವಿಕಿರಣಗಳೂ ಕೋಶಗಳಿಗೆ ಮುಪ್ಪು ತರುತ್ತವೆ. ಬಾಲ್ಯದಲ್ಲೇ ಕ್ಯಾನ್ಸರ್ ಗೆದ್ದವರಲ್ಲಿ ಮೂವತ್ತರ ಹರೆಯಕ್ಕೇ ವೃದ್ಧರ ನಿತ್ರಾಣ ಕಂಡದ್ದುಂಟು.

ಹೀಗಾಗಿ ಪ್ರಶ್ನೆಯೇ ಬದಲಾಯಿತು: ಮನಸ್ಸು ಗಡ್ಡೆಯನ್ನು ಕರಗಿಸುತ್ತದೆಯೇ ಎನ್ನುವುದಕ್ಕಿಂತ, ಚಿಕಿತ್ಸೆಯಿಂದ ದಣಿದ ದೇಹ ಎಷ್ಟರಮಟ್ಟಿಗೆ ಚೇತರಿಸಿಕೊಳ್ಳಬಲ್ಲದು ಎಂಬುದು ಮುಖ್ಯವಾಯಿತು. ಇಲ್ಲಿ ಬೆಂಗಳೂರಿಗೂ ಪಾಲಿದೆ. ಎಸ್-ವ್ಯಾಸ ಸಂಸ್ಥೆಯ ಎಚ್.ಆರ್. ನಾಗೇಂದ್ರ, ಆರ್. ನಾಗರತ್ನ ಅವರೊಡನೆ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕೇಂದ್ರ, ವಿಕಿರಣ ಚಿಕಿತ್ಸೆಯಲ್ಲಿದ್ದ 163 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಯೋಗದ ಪರಿಣಾಮವನ್ನು ಪರೀಕ್ಷಿಸಿತು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬರೀ ಮೈಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್‌ನ ದಿನದ ಏರಿಳಿತ ಉತ್ತಮವಾಗಿತ್ತು. ಆಯಸ್ಸಿನ ಬಗ್ಗೆ ಈ ಪ್ರಯೋಗ ಏನನ್ನೂ ಹೇಳಲಿಲ್ಲ.

ಆಯಸ್ಸಿಗೆ ಸಂಬಂಧಿಸಿದ ಗಟ್ಟಿ ಪುರಾವೆ ಬಂದದ್ದು 2025ರಲ್ಲಿ, ಅದೂ ವ್ಯಾಯಾಮದ ಕಡೆಯಿಂದ. ಬಹುಪಾಲು ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ ನಡೆದ 'ಚಾಲೆಂಜ್' ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆ ಹಾಗೂ ಕಿಮೊಥೆರಪಿ ಮುಗಿಸಿದ ದೊಡ್ಡ ಕರುಳಿನ ಕ್ಯಾನ್ಸರ್‌ನ 889 ಮಂದಿಯಿದ್ದರು. ಅರ್ಧದಷ್ಟು ಜನರಿಗೆ ಮಾಹಿತಿ ಪುಸ್ತಿಕೆ ಮಾತ್ರ ಸಿಕ್ಕಿತು. ಉಳಿದವರಿಗೆ ಬೆನ್ನಿಗೆ ನಿಂತು ಅಭ್ಯಾಸ ಮಾಡಿಸುವ ತರಬೇತುದಾರರಿದ್ದು, ಮೂರು ವರ್ಷ ವ್ಯಾಯಾಮ ತಪ್ಪದಂತೆ ನೋಡಿಕೊಂಡರು. ಎಂಟು ವರ್ಷಗಳ ಕೊನೆಗೆ ಈ ಗುಂಪಿನಲ್ಲಿ 90.3% ಮಂದಿ ಬದುಕಿದ್ದರು. ಪುಸ್ತಿಕೆ ಪಡೆದವರಲ್ಲಿ 83.2%.