ಸಿಪ್ಪೆಯೊಳಗಣ ಸತ್ತ್ವ: ರೆಸ್ವೆರಟ್ರಾಲ್ ಶೋಧದ ಹಾದಿ

ಮೀರಜದಿಂದ ತೆಂಕಣಕ್ಕೆ ಬರುವ ರೈಲುಮಾರ್ಗದಲ್ಲಿ, ಕೃಷ್ಣೆಗೆ ಅನತಿದೂರದಲ್ಲಿರುವ ಶೇಡಬಾಳವು 1925ರಲ್ಲಿ ಆಚಾರ್ಯ ವಿದ್ಯಾನಂದ ಮುನಿಗಳಿಗೆ ಜನ್ಮವಿತ್ತ ಊರು. ಮದ್ಯತ್ಯಾಗವನ್ನು ಶ್ರಾವಕನ ಮೂಲಗುಣಗಳಲ್ಲಿ ಎಣಿಸುವ ಜೈನಧರ್ಮವು ಇಲ್ಲಿ ಆಳವಾಗಿ ಬೇರೂರಿದೆ. ಸುತ್ತಣ ಅಥಣಿಯ ಸೀಮೆಯಲ್ಲಾದರೋ ದ್ರಾಕ್ಷಿಯ ಚಪ್ಪರಗಳುಂಟು, ಒಣದ್ರಾಕ್ಷಿಯ ವ್ಯಾಪಾರವುಂಟು. ಕೆಂಪು ದ್ರಾಕ್ಷಾಮದ್ಯದಲ್ಲಿ ಹೃದಯವನ್ನು ಕಾಯುವ ಉತ್ಕರ್ಷಣ ನಿರೋಧಕವೊಂದು ಇದೆಯೆಂದು ಪಶ್ಚಿಮದಿಂದ ಬಂದ ವಾರ್ತೆಯನ್ನು ಇಂಥ ನೆಲದಲ್ಲಿ ನಿಂತು ಪರಿಶೀಲಿಸುವಾಗ, ಹಣ್ಣಿನ ಗುಣವಾವುದು, ಮದ್ಯದ ಗುಣವಾವುದು ಎಂಬ ವಿವೇಚನೆಯು ತಾನಾಗಿಯೇ ಏಳುತ್ತದೆ.

ರೆಸ್ವೆರಟ್ರಾಲ್ ಎಂಬ ಈ ವಸ್ತುವನ್ನು 1939ರಲ್ಲಿ ಮೊದಲು ಬೇರ್ಪಡಿಸಿದವರು ಜಪಾನಿನ ಮಿಚಿಯೋ ಟಕಾಓಕ. ಅದು ದೊರೆತದ್ದು ದ್ರಾಕ್ಷಿಯಲ್ಲಲ್ಲ, ವೆರಾಟ್ರಮ್ ಎಂಬ ವಿಷಮೂಲಿಕೆಯಲ್ಲಿ. 1976ರಲ್ಲಿ ಲ್ಯಾಂಗ್‌ಕೇಕ್ ಮತ್ತು ಪ್ರೈಸ್ ಎಂಬ ವಿಜ್ಞಾನಿಗಳು, ಬೂಷ್ಟು ತಗುಲಿದಾಗಲೂ ಅತಿನೇರಳೆ ಕಿರಣ ಬಿದ್ದಾಗಲೂ ದ್ರಾಕ್ಷಿಯ ಎಲೆಯು ಆತ್ಮರಕ್ಷಣಾರ್ಥವಾಗಿ ಇದನ್ನು ಉತ್ಪಾದಿಸುವುದನ್ನು ಕಂಡುಕೊಂಡರು. ಇಡೀ ವೃತ್ತಾಂತದಲ್ಲಿ ನನಗೆ ಅತ್ಯಂತ ಮನೋಹರವಾಗಿ ತೋರುವುದು ಈ ಶೋಧವೇ. ಬೂದಿರೋಗಕ್ಕೆ ಅಂಜುತ್ತ ಮೋಡವನ್ನು ನೋಡುವ ನಮ್ಮ ಬೆಳೆಗಾರನಿಗೂ ಬಳ್ಳಿಯ ಈ ಸ್ವಯಂರಕ್ಷಣೆ ತಿಳಿಯಬೇಕಾದ ಸಂಗತಿ. 1992ರಲ್ಲಿ ಸೀಮನ್ ಮತ್ತು ಕ್ರೀಸಿ ಇದನ್ನು ಮದ್ಯದಲ್ಲಿ ಗುರುತಿಸಿದರು. ಕೊಬ್ಬನ್ನು ಧಾರಾಳವಾಗಿ ತಿನ್ನುವ ಫ್ರೆಂಚರಲ್ಲಿ ಹೃದ್ರೋಗವು ವಿರಳವೇಕೆಂಬ ಚರ್ಚೆಯೂ ಅದೇ ವರ್ಷ ರೆನೋ ಮತ್ತು ದ ಲೋರ್ಗೆರಿಲ್ ಅವರ ಲೇಖನದಿಂದ ಬಲಗೊಂಡುದರಿಂದ, ಸಿಪ್ಪೆಯೊಡನೆ ಹುದುಗುವ ಕೆಂಪು ಮದ್ಯಕ್ಕೆ ಔಷಧದ ಕೀರ್ತಿ ಬಂದಿತು.

1997ರಲ್ಲಿ ಪೆಝುಟೊ ಅವರ ತಂಡವು ಇಲಿಗಳಲ್ಲಿ ಅರ್ಬುದದ ಬೆಳವಣಿಗೆ ಕುಗ್ಗಿದುದನ್ನು ವರದಿಮಾಡಿತು. 2006ರಲ್ಲಿ ಬೌರ್, ಸಿಂಕ್ಲೇರ್ ಮೊದಲಾದವರು, ಅತಿಪುಷ್ಟ ಆಹಾರ ತಿಂದ ಇಲಿಗಳು ಇದರಿಂದ ಹೆಚ್ಚು ಕಾಲ ಬದುಕಿದುವೆಂದರು. ಆದರೆ ಆ ಇಲಿಗಳಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 22 ಮಿಲಿಗ್ರಾಂ ಸಂದಿತ್ತು. ಲೀಟರ್ ಮದ್ಯದಲ್ಲಿರುವುದು ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಂ. ಅದೇ ಲೆಕ್ಕದಲ್ಲಿ 60 ಕಿಲೋ ತೂಗುವ ಮನುಷ್ಯನು ನೂರಾರು ಲೀಟರ್ ಕುಡಿಯಬೇಕಾದೀತು! ನುಂಗಿದುದರಲ್ಲಿಯೂ ಬಹುಭಾಗವು ಕರುಳು ಯಕೃತ್ತುಗಳಲ್ಲಿ ರೂಪಾಂತರಗೊಂಡು, ಮೂಲರೂಪದಲ್ಲಿ ರಕ್ತವನ್ನು ಸೇರುವುದು ಲೇಶಮಾತ್ರ. ಇಟಲಿಯ ಕಿಯಾಂತಿ ಪ್ರಾಂತದ 783 ವೃದ್ಧರನ್ನು ಒಂಬತ್ತು ವರ್ಷ ಗಮನಿಸಿದ ಅಧ್ಯಯನವು 2014ರಲ್ಲಿ ಪ್ರಕಟವಾದಾಗ, ಆಹಾರದಿಂದ ಬಂದ ರೆಸ್ವೆರಟ್ರಾಲಿಗೂ ಹೃದ್ರೋಗ, ಅರ್ಬುದ, ಆಯುಸ್ಸುಗಳಿಗೂ ಸಂಬಂಧವೇ ಕಾಣಲಿಲ್ಲ. ಮದ್ಯವಾದರೋ ಅರ್ಬುದಕಾರಕವೆಂದು 1988ರಲ್ಲಿಯೇ ನಿರ್ಣಯವಾಗಿತ್ತು. ಅಲ್ಪಾಂಶದಲ್ಲಿ ಈ ವಸ್ತು ಶೇಂಗಾಕಾಳಿನಲ್ಲಿಯೂ ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಇರುವುದರಿಂದ, ವ್ರತಸ್ಥನಾದ ಶ್ರಾವಕನಿಗೆ ನಷ್ಟವಾದುದೇನೂ ಇಲ್ಲ.

ನಮ್ಮ ವೈದ್ಯಪರಂಪರೆಯ ದ್ರಾಕ್ಷಾಸವದಲ್ಲಿ ರೆಸ್ವೆರಟ್ರಾಲೂ ಅದರ ದಾಯಾದಿಯಾದ ಟೆರೊಸ್ಟಿಲ್ಬೀನೂ ಇರುವುದು 1999ರಲ್ಲಿ ತಿಳಿದುಬಂದಿತು. ಈ ದಾಯಾದಿವಸ್ತುವು ಹೊನ್ನೆಮರದ ತಿರುಳಿನಲ್ಲಿಯೂ ಉಂಟು. ಹೊನ್ನೆಯ ಲೋಟದಲ್ಲಿ ರಾತ್ರಿಯೆಲ್ಲ ನಿಂತ ನೀರನ್ನು ಮಧುಮೇಹಿಗಳಿಗೆ ಕೊಡುವುದು ಹಳೆಯ ವಾಡಿಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೊನ್ನೆಯ ಸೇವನೆಯಿಂದ 97 ರೋಗಿಗಳಲ್ಲಿ 67 ಮಂದಿಯ ರಕ್ತಶರ್ಕರ ಹತೋಟಿಗೆ ಬಂದಿತಾದರೂ, ಹೋಲಿಸಿ ನೋಡಲು ಔಷಧ ಪಡೆಯದ ಬೇರೊಂದು ತಂಡ ಅದರಲ್ಲಿರಲಿಲ್ಲ. ಅಂಥ ತಂಡವನ್ನೊಳಗೊಂಡ ದೀರ್ಘ ಪರೀಕ್ಷೆಯು ನಮ್ಮ ವೈದ್ಯಶಾಲೆಗಳಲ್ಲಿಯೇ ನಡೆಯಬೇಕೆಂಬುದು ನನ್ನ ಹಂಬಲ.